ಅಜ್ಜಿ ಬಡಿದ ತಟ್ಟೆ

ಅಂಚು ಸೊಟ್ಟಗಾದ ಆ ಸ್ಟೀಲ್ ತಟ್ಟೆ ಇವತ್ತೂ ಕೈಗೆ ಸಿಕ್ಕರೆ ನನಗೆ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಹಿಂದಿನ ವಾರ ಕಬ್ಬಿನ ಗದ್ದೆಯ ಚಿರತೆ ನಮ್ಮ ಕರುವನ್ನು ಹೊತ್ತೊಯ್ದಿತ್ತು. ಆ ಭಯಕ್ಕೆ ಕೇರಿಯ ಹೆಂಗಸರು ಹುಲ್ಲು ಕೊಯ್ಯಲು ಹೋಗದೆ ನಮ್ಮ ನಡುಮನೆಯಲ್ಲಿ ಟಿವಿ ಮುಂದೆ ಕೂತಿದ್ದರು. ಧಾರಾವಾಹಿಯಲ್ಲಿ ರಾಕ್ಷಸನೊಬ್ಬ ಊರಿಗೆ ನುಗ್ಗಿದ. ಜನ ದಿಕ್ಕಾಪಾಲಾಗಿ ಓಡಿದರು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ನಾನು ಅವಳ ಬೆನ್ನ ಹಿಂದೆ ಸರಿದೆ. ಕಡಲೆಕಾಯಿ ಬಿಡಿಸುತ್ತಿದ್ದ ಅಜ್ಜಿಗೆ ಮಾತ್ರ ರೇಗಿತು.

"ಅಂಗೆ ಒಬ್ಬೊಬ್ರೇ ಓಡೋದ್ರೆ ತಿನ್ದೆ ಬುಟ್ಟಾನಾ? ಏಳ್ರವ್ವ, ಕೊಟ್ಟಿಗೇಲಿ ದನ ಅಸ್ಕೊಂಡವೆ."

ತಟ್ಟೆಯಲ್ಲಿದ್ದ ಕಡಲೆಕಾಯಿಯನ್ನು ನೆಲಕ್ಕೆ ಸುರಿದು, ಸೌಟಿನಿಂದ ತಟ್ಟೆ ಬಡಿಯುತ್ತಾ ಅಜ್ಜಿ ಗದ್ದೆಯ ಕಡೆ ನಡೆದಳು. ಕುಡುಗೋಲು ಹಿಡಿದು ಎಲ್ಲರೂ ಹಿಂದೆಯೇ ಹೊರಟರು, ನಾನೂ.

ತಿರುಗಿ ನೋಡಿದರೆ, ರಾಕ್ಷಸ ಖಾಲಿ ನಡುಮನೆಯಲ್ಲಿ ಒಬ್ಬನೇ ಕಿರುಚಾಡುತ್ತಿದ್ದ.