ಫಕೀರವ್ವ ಮುಟ್ಟದ ಸ್ಟಿಯರಿಂಗ್

ದೇಶಕ್ಕೆಲ್ಲ ಕಾರು ಕೊಟ್ಟಿದ್ದ ಗಜರಾಜ ಕಂಪನಿ ಅರವತ್ತು ವರ್ಷಕ್ಕೆ ಬಾಗಿಲು ಹಾಕಿತು. ಮರುದಿನ ಬೆಳಿಗ್ಗೆ ಹುಬ್ಬಳ್ಳಿಯ ಟ್ಯಾಕ್ಸಿ ಸ್ಟ್ಯಾಂಡಿನ ಗಜರಾಜಗಳೆಲ್ಲ ಕಂಪನಿಯ ಕೊನೆಯ ಆದೇಶದಂತೆ ತಾವಾಗಿಯೇ ಸಾಲುಗಟ್ಟಿ ಗುಜರಿಗೆ ಹೊರಟವು. ಡ್ರೈವರ್ ಫಕೀರವ್ವನ ಕಾರು ಮಾತ್ರ ಕದಲಲಿಲ್ಲ.

"ಯಾಕವ್ವಾ, ಇದಕ್ಕ ಆದೇಶ ಬಂದಿಲ್ಲೇನು?" ಕಂಪನಿಯ ಅಧಿಕಾರಿ ರೇಗಿದ.

"ಬಂದೈತ್ರಿ. ಆದ್ರ ಇಪ್ಪತ್ತು ವರ್ಷದಾಗ ನಾ ಸ್ಟಿಯರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಳ್ಳಲಾರದ ಇದು ಒಂದಿನಾನೂ ಹೊಂಟಿಲ್ಲ. ಅದs ರೂಢಿ ಆಗೇತಿ."

ಅಧಿಕಾರಿ ತಾನೇ ಕೈ ಚಾಚಿ ಸ್ಟಿಯರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡ. ಕಾರು ಅವನ ಮುಖಕ್ಕೇ ಹಾರನ್ ಹೊಡೆಯಿತು.

"ಹಂಗಾದ್ರ ನೀನs ಮುಟ್ಟು!"

ಫಕೀರವ್ವ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾನೆಟ್ಟಿಗೆ ಒರಗಿದಳು.

"ಗುಜರಿಗೆ ಹೋಗಾಕ ಮುಟ್ಟೂದಿಲ್ರಿ. ಧಾರವಾಡಕ್ಕ ಬರ್ತೀರೇನು ಹೇಳ್ರಿ, ಈಗಿಂದೀಗ ಮುಟ್ತೀನಿ."