ಜೀಪು ಎಳೆದವರು

ತೆರೆದ ಜೀಪಿಗೆ ಕಟ್ಟಿದ ಹಗ್ಗವನ್ನು ಅಡುಗೆಯ ಶಾಮಣ್ಣನ ಕೈಗಿಟ್ಟು, "ನಿಧಾನಕ್ಕೆ ಎಳೀರಿ, ಅಡ್ಮಿರಲ್ ಸಾಹೇಬ್ರು ಒಳಗೆ ನಿಂತಿರ್ತಾರೆ" ಎಂದ ಜಯಂತ್. ಶಾಮಣ್ಣನಿಗೆ ಅರವತ್ತೆರಡು. ಕ್ರಾಸ್‌ರೋಡ್ಸ್ ಬಡಾವಣೆಯ ಹೋಟೆಲಿನಲ್ಲಿ ನಸುಕಿನಿಂದ ನಿಂತು ಮುನ್ನೂರು ಜನರಿಗೆ ಬಿಸಿಬೇಳೆಬಾತ್ ಮಾಡಿ ಮೊಣಕಾಲು ಊದಿಕೊಂಡಿತ್ತು. ಅವನ ಹಿಂದೆ ಬಡಿಸಲು ಬಂದ ಇನ್ನೂ ಮೂವರು. ರೇಷ್ಮೆ ಜುಬ್ಬಾದ ಕಮಿಟಿಯವರು ಮಾತ್ರ ಫೋಟೋಗೆಂದು ಜೀಪಿನ ಎರಡೂ ಬದಿ ನಿಂತಿದ್ದರು.

ಕನ್ನಡ ಸಂಘದ ಅಧ್ಯಕ್ಷ ಜಯಂತನಿಗೆ ಐಡಿಯಾಗಳೇನೋ ಹೊಳೆಯುತ್ತವೆ, ನಾಚಿಕೆಯೊಂದು ಹೊಳೆಯುವುದಿಲ್ಲ. ಗದಗಿನ ಚನ್ನವೀರಪ್ಪ ಮೂವತ್ತೇಳು ವರ್ಷ ನೌಕಾಪಡೆಯಲ್ಲಿ ದುಡಿದು, ರಿಯರ್ ಅಡ್ಮಿರಲ್ ಆಗಿ ನಿವೃತ್ತರಾಗಿ, ವಿದೇಶಕ್ಕೆ, ಬೆಲ್ವ್ಯೂನ ಮಗಳ ಮನೆಗೆ ಬಂದಿದ್ದರು. ಅಲ್ಲಿಯ ಗೋಡೆಯ ಮೇಲೊಂದು ಫೋಟೋ: ವಿಶಾಖಪಟ್ಟಣದಲ್ಲಿ ಅವರ ಕೊನೆಯ ದಿನ, ಬಿಳಿ ಸಮವಸ್ತ್ರದವರು ಅವರ ಜೀಪಿಗೆ ಹಗ್ಗ ಹಾಕಿ ಎಳೆಯುತ್ತಿದ್ದಾರೆ. ಜಯಂತ್ ಅದನ್ನು ನೋಡಿದ್ದೇ ತಡ, ಎರಡು ಸಾವಿರದ ಆರರ ಸ್ವಾತಂತ್ರ್ಯೋತ್ಸವದ ಪಿಕ್ನಿಕ್ಕಿಗೆಂದು ಮರ್ಸರ್ ಐಲ್ಯಾಂಡಿನ ಪಾರ್ಕಿಗೆ ಬಾಡಿಗೆ ಜೀಪು ತರಿಸಿದ.

ಹಾರ ಹಾಕಿಸಿಕೊಂಡು ಬಂದ ಚನ್ನವೀರಪ್ಪ ಜೀಪಿನ ಮುಂದೆ ನಿಂತುಬಿಟ್ಟರು.

"ಇವರ ಕೈಯಾಗ ಹಗ್ಗ ಕೊಟ್ಟಾವ್ರು ಯಾರು?"

"ನಾನೇ ಸರ್. ಹತ್ತಿ, ಒಂದು ಫೋಟೋ ಅಷ್ಟೇ."

ಅವರು ಶಾಮಣ್ಣನತ್ತ ತಿರುಗಿದರು. "ನಿಮಗ ಎಳಿಯೂ ಮನಸ್ಸದ ಏನ್ರಿ?"

"ಸಂಘದೋರು ಹೇಳ್ದಂಗೆ ಕೇಳು ಅಂತ ಓನರ್ ಕಳ್ಸವ್ರೆ ಸಾರ್. ನನ್ ವೀಸಾ ಅವ್ರ ಕೈಲದೆ. ಇಲ್ಲ ಅನ್ನಕಾಯ್ತದಾ?"

ಚನ್ನವೀರಪ್ಪ ಕೊರಳ ಹಾರ ಕಿತ್ತು ಸೀಟಿನ ಮೇಲೆ ಒಗೆದು ಜಯಂತನತ್ತ ತಿರುಗಿದರು.

"ನೀವು ಆ ಫೋಟೋ ನೆಟ್ಟಗ ನೋಡಿಲ್ಲ. ನನ್ನ ಜೀಪ್ ಎಳದವ್ರು ಆಫೀಸರ್ಸ್. ಎಲ್ಲಾರಕಿಂತ ಮುಂದಿದ್ದಾಂವ ಮರುದಿನ ನನ್ನ ಖುರ್ಚಿ ಮ್ಯಾಲ ಕೂಡಾಂವ ಇದ್ದ! ಅಡಿಗಿಯವ್ರು, ಎಂಜಿನ್ ನೋಡವ್ರು ರಸ್ತೆ ಬಾಜೂ ನಿಂತು ನಗತಿದ್ರು. ವರ್ಷಗಟ್ಟಲೆ ನಮ್ಮನ್ನ ಹೊತ್ತವ್ರು ಅವರು. ಅದೊಂದು ದಿನ ನಾವು ಬೆವರು ಸುರಸ್ತೀವಿ, ಅವರು ನಿಂತು ನೋಡ್ತಾರ. ಅದಕ್ಕರೀ ಆ ಪದ್ಧತಿ!"

"ಸಾರಿ ಸರ್... ಸುಮ್ನೆ ಫನ್‌ಗೆ ಅಂತ..."

"ಫನ್ ಇದ್ರ ನೀವ ಎಳೀರಿ. ಹಿಡೀರಿ ಹಗ್ಗ!"

ಹಡಗುಗಳನ್ನು ತಿರುಗಿಸಿದ ದನಿ ಅದು. ಊಟದ ಸಾಲಿನಲ್ಲಿದ್ದ ಮುನ್ನೂರು ಜನ ತಿರುಗಿ ನೋಡಿದರು, ಕಮಿಟಿಯವರು ಬೇರೆ ದಾರಿಯಿಲ್ಲದೆ ಹಗ್ಗ ಹಿಡಿದರು. ಚನ್ನವೀರಪ್ಪ ಶಾಮಣ್ಣನ ಕೈಹಿಡಿದು ಜೀಪು ಹತ್ತಿಸಿದರು.

"ಬ್ಯಾಡಿ ಸಾರ್, ಎಣ್ಣೆ ಬಟ್ಟೆ, ಸೀಟು ಕೊಳೆಯಾಯ್ತದೆ."

"ಆಗ್ಲಿ ಬಿಡ್ರಿ. ಒರಸಾಕ ಕಮಿಟಿಯವ್ರು ಅದಾರ."

ಎಲ್ಲರಿಗಿಂತ ಮುಂದೆ ನಿಂತು ಚನ್ನವೀರಪ್ಪನವರೂ ಹಗ್ಗ ಹಿಡಿದರು. ಜೀಪು ಹೊರಟಿತು. ಶಾಮಣ್ಣ ಬೆನ್ನು ತಾಗಿಸದೆ ಸೀಟಿನ ಅಂಚಿನಲ್ಲಿ ಕೂತು, ಹಾರವನ್ನು ತೊಡೆಯ ಮೇಲಿಟ್ಟುಕೊಂಡಿದ್ದ.

ಮುಂದಿನ ತಿಂಗಳು ಸಂಘದ ಪತ್ರಿಕೆಯ ಮುಖಪುಟದಲ್ಲಿ ಫೋಟೋ ಬಂತು: 'ಅಡ್ಮಿರಲ್ ಜೊತೆ ಕೈಜೋಡಿಸಿದ ನಮ್ಮ ಕಮಿಟಿ'. ಚನ್ನವೀರಪ್ಪ, ಹಲ್ಲುಕಿರಿದ ಜಯಂತ್, ಬೆವೆತ ರೇಷ್ಮೆ ಜುಬ್ಬಾಗಳು, ಬಿಗಿಯಾಗಿ ಎಳೆದ ಹಗ್ಗ. ಹಗ್ಗ ಫೋಟೋದ ಅಂಚಿನವರೆಗೆ ಬಂದು, ಜೀಪು ಕಾಣುವ ಮೊದಲೇ ಅಲ್ಲಿಗೇ ಮುಗಿದಿತ್ತು.