ಕಂಪ್ಯೂಟರಿನ ಹಿಂದಿನ ಜಾಗ

ಗಣಿಯ ಕೆಂಪು ಧೂಳು ಕವಿದ ಆ ಊರಿನಲ್ಲಿ ಸೋಸಿದ ಗಾಳಿ ಬರುತ್ತಿದ್ದದ್ದು ಗಣಿ ಕಂಪನಿ ಮನೆಮನೆಯಲ್ಲಿ ಇರಿಸಿದ್ದ ಕಂಪ್ಯೂಟರುಗಳಿಗೆ ಮಾತ್ರ. ಮುಂದಿನ ಫ್ಯಾನುಗಳು ಅದನ್ನು ಕೊಳವೆಯಿಂದ ಎಳೆದುಕೊಳ್ಳುತ್ತಿದ್ದವು. ಹಿಂದಿನ ಫ್ಯಾನು ಬೆಚ್ಚಗೆ ಹೊರಗೆ ಬಿಟ್ಟದ್ದನ್ನು ಮನೆಯವರು ಉಸಿರಾಡುತ್ತಿದ್ದರು. ಬಂದವರಿಗೆ ನೀರಿಗಿಂತ ಮೊದಲು ಕಂಪ್ಯೂಟರಿನ ಹಿಂದಿನ ಆ ಜಾಗ ಕೊಡುವುದು ಮರ್ಯಾದೆ. ಹಾಗಾಗಿ ಕಂಪನಿಯ ಮೆಕ್ಯಾನಿಕ್ ಹುಲುಗಪ್ಪ ಬಂದಾಗ ಈರಮ್ಮ, ಉಬ್ಬಸದ ತಂಗಿ ಪಂಪಾವತಿಯನ್ನು ಪಕ್ಕಕ್ಕೆ ಸರಿಸಿ, "ಹಿಂದಕ ಕುಂದ್ರಪ್ಪಾ" ಎಂದಳು.

ಅವನು ಮುಖದ ಬಟ್ಟೆ ಇಳಿಸಿ, ಕಣ್ಣು ಮುಚ್ಚಿ ಬಹಳ ಹೊತ್ತು ಕೂತ. ಆಮೇಲೆ ಎದ್ದು ಚೀಲದಿಂದ ಪೈಪು, ಸ್ಕ್ರೂಡ್ರೈವರ್ ತೆಗೆದ.

"ಹಿಂದಿನ ಫ್ಯಾನಿಗೆ ಈ ಪೈಪು ಹಾಕಿ, ಗಾಳಿ ಮಾಳಿಗಿ ಹೊರಗ ಬಿಡಬೇಕಂತ ಕಂಪನಿಯೋರು ಹೇಳ್ಯಾರ್ರಿ ಅಕ್ಕಾ. ಹಿಂದ ಕುಂತ ಮಂದಿ ಮೈಯಾನ ಧೂಳು ಕಂಪ್ಯೂಟರಿಗೆ ಹೋಗತೈತಂತ."

ಈರಮ್ಮನಿಗೆ ಮೈಯೆಲ್ಲ ಉರಿಯಿತು. "ನಮ್ಮ ಮೈಮ್ಯಾಲೆ ಧೂಳು ಸುರಿದೋರು ಯಾರು? ಈಗ ತಾನೆ ನಮ್ಮ ಗಾಳಿ ಕುಡದು, ನಮ್ಮ ಉಸಿರಿಗೇ ಪೈಪು ಹಾಕ್ತೀಯೇನು? ನಿಮ್ಮವ್ವನ ಉಸಿರಿಗೂ ಹಿಂಗ ಹಾಕ್ತಿದ್ದೇನು?"

"ನಿನ್ನೆನೇ ನಮ್ಮನ್ಯಾಗ ಹಾಕೀನ್ರಿ," ಎಂದ ಹುಲುಗಪ್ಪ, ತಲೆ ತಗ್ಗಿಸಿ. "ಮೊದಲು ನೌಕರರ ಮನಿಗೇ ಹಾಕ್ರಿ ಅಂದ್ರು. ಅವ್ವ ಒಂದ ಸಮ ಕೆಮ್ಮಾಕ ಹತ್ಯಾಳ."

ಈರಮ್ಮನ ಸಿಟ್ಟು ಇಳಿಯಲಿಲ್ಲ, ಇನ್ನಷ್ಟು ಏರಿತು. ತಂಗಿಯನ್ನು ಮತ್ತೆ ಫ್ಯಾನಿನ ಬಳಿ ಕೂರಿಸಿ, ಸೆರಗನ್ನು ಮೂಗಿಗೆ ಬಿಗಿದುಕೊಂಡು, ಅವನ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡಳು.

"ಹಾಕಿದ ಕೈಗೆ ಬಿಚ್ಚಾಕ ಬರಲ್ಲೇನು, ಹೇಡಿ? ನಡಿ, ಮೊದಲು ನಿಮ್ಮನಿಗೆ! ನಾ ಪೈಪು ಬಿಚ್ಚತೀನಿ, ನೀ ನಿಮ್ಮವ್ವನ್ನ ಹಿಡ್ಕೊಂಡು ಕುಂದ್ರು."